ಹಳೆಯ ಮನೆಯ ಖರೀದಿ: ಯಳಂದೂರು, ಕೊಳ್ಳೇಗಾಲ, ಹನೂರು

ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಹಳೆ ಮನೆ ಎಂದರೆ ಮಣ್ಣಿನ ಇಲ್ಲವೇ ಸುಟ್ಟ ಇಟ್ಟಿಗೆಯ ದಪ್ಪ ಗೋಡೆ, ಮರದ ಕಂಬ ಮತ್ತು ತೊಲೆ, ನಾಡಹೆಂಚು ಅಥವಾ ಮಂಗಳೂರು ಹೆಂಚಿನ ಚಾವಣಿ, ಬೀದಿಗೆ ಚಾಚಿದ ಜಗಲಿ, ಹಿಂದೊಂದು ಹಿತ್ತಿಲು. ದೊಡ್ಡ ಮನೆಯಾದರೆ ನಡುವೆ ತೊಟ್ಟಿ. 1970, 80ರ ದಶಕಗಳಲ್ಲಿ ಕಟ್ಟಿದ ಆರ್.ಸಿ.ಸಿ. ಮನೆಗಳೂ ಈಗ ಈ ಸಾಲಿಗೆ ಬಂದಿವೆ. ಇಂಥವು ಮಾರಾಟಕ್ಕೆ ಬರುವುದು ಹೆಚ್ಚಾಗಿ ಮಕ್ಕಳು ಮೈಸೂರು, ಬೆಂಗಳೂರು ಸೇರಿ, ಊರಲ್ಲಿದ್ದ ಹಿರಿಯರು ತೀರಿಕೊಂಡ ಮೇಲೆ. ಕೊಳ್ಳುವವರಲ್ಲಿ ಮೊದಲಿಗರು ಪಕ್ಕದ ಮನೆಯವರು. ಆಮೇಲೆ ಸುತ್ತಲ ಹಳ್ಳಿಗಳಿಂದ ಪಟ್ಟಣಕ್ಕೆ ಬರುವವರು, ಅಂಗಡಿ ಮಳಿಗೆಗೆ ರಸ್ತೆ ಬದಿಯ ಜಾಗ ಹುಡುಕುವವರು, ಈಚೆಗೆ ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ ಒಂದು ಮನೆ ಇರಲಿ ಎನ್ನುವ ನಗರದವರು.

ಬಹುಮಹಡಿ ಅಪಾರ್ಟ್‌ಮೆಂಟುಗಳ ಮಾರುಕಟ್ಟೆ ಇಲ್ಲಿ ಇನ್ನೂ ಬೆಳೆದಿಲ್ಲ. ಆದರೆ ಹಲವರ ಒಡೆತನದ ಒಂದೇ ಕಟ್ಟಡದಲ್ಲಿ ಒಂದು ಭಾಗ ಮಾತ್ರ ಕೊಳ್ಳುವುದರ ತೊಡಕು ಪಾಲಾದ ತೊಟ್ಟಿಮನೆಗಳಲ್ಲಿ ಹಿಂದಿನಿಂದಲೂ ಇದೆ. ಬೆಂಗಳೂರಿನ ಹಳೆಯ ಫ್ಲ್ಯಾಟು ಕೊಳ್ಳುವವರಿಗೂ, ಟೋಕಿಯೊ, ಒಸಾಕಾಗಳ ಹಳೆಯ ಅಪಾರ್ಟ್‌ಮೆಂಟ್ ಕೊಳ್ಳುವವರಿಗೂ ಎದುರಾಗುವುದು ಅದೇ ತೊಡಕು. ವ್ಯತ್ಯಾಸ ಇರುವುದು ಅದನ್ನು ಬಗೆಹರಿಸುವ ಏರ್ಪಾಟಿನಲ್ಲಿ. ಆ ವಿಷಯ ಮುಂದೆ ವಿವರವಾಗಿ ಬರುತ್ತದೆ.

ಎರಡು ಸರ್ಕಾರಗಳ ಕಾಗದ

ಯಳಂದೂರು, ಕೊಳ್ಳೇಗಾಲ ನೆರೆಹೊರೆಯ ಪಟ್ಟಣಗಳಾದರೂ ಅವುಗಳ ಹಳೆಯ ಆಸ್ತಿಪತ್ರಗಳು ಬೇರೆ ಬೇರೆ ಸರ್ಕಾರಗಳವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಅಲ್ಲೇ ಇತ್ತು. ಇಂದಿನ ಹನೂರು ತಾಲ್ಲೂಕು ಆಗ ಕೊಳ್ಳೇಗಾಲದ್ದೇ ಭಾಗ. ಅದು ಬೇರೆ ತಾಲ್ಲೂಕಾದದ್ದು ಈಚೆಗೆ, ಕಳೆದ ದಶಕದ ಕೊನೆಯಲ್ಲಿ. ಯಳಂದೂರು ಮಾತ್ರ ಮೈಸೂರಿನಲ್ಲೇ ಉಳಿಯಿತು. 1807ರಲ್ಲಿ ಮೈಸೂರು ಸಂಸ್ಥಾನ ಅದನ್ನು ದಿವಾನ್ ಪೂರ್ಣಯ್ಯನವರಿಗೆ ವಂಶಪಾರಂಪರ್ಯ ಜಹಗೀರಾಗಿ ಕೊಟ್ಟಿತು. 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದ ಪಿ.ಎನ್. ಕೃಷ್ಣಮೂರ್ತಿ ಈ ವಂಶದವರು, ಯಳಂದೂರಿನ ಜಹಗೀರುದಾರರು. ಅವರ ಮನೆತನದ ಬಂಗಲೆ ಈಗ ಪೂರ್ಣಯ್ಯನವರ ಹೆಸರಿನ ವಸ್ತುಸಂಗ್ರಹಾಲಯ. ಊರಿನ ಹಳೆಯ ಮನೆಗಳಲ್ಲಿ ಸರ್ಕಾರದ ದುಡ್ಡಿನಿಂದ ಜೀರ್ಣೋದ್ಧಾರ ಕಂಡ ಭಾಗ್ಯ ಅದರದು.

ಕೊಳ್ಳುವವನಿಗೆ ಈ ಇತಿಹಾಸ ಬೇಕಾಗುವುದು ತಾಯಿಪತ್ರ ಹುಡುಕುವಾಗ. ಮನೆ ಯಾರಿಂದ ಯಾರಿಗೆ ಬಂತು ಎಂದು ಹಿಂದಕ್ಕೆ ಹೋದರೆ ಕೊಳ್ಳೇಗಾಲ, ಹನೂರುಗಳಲ್ಲಿ ಜಾಡು ಮದರಾಸಿನ ರೈತವಾರಿ ಪದ್ಧತಿಗೆ ಮುಟ್ಟುತ್ತದೆ. ಪಟ್ಟಾ, ಚಿಟ್ಟಾ, ಅಡಂಗಲ್, ಮನೆ ನಿವೇಶನಕ್ಕೆ ನತ್ತಂ ಎಂಬ ಮಾತುಗಳು, ಮದರಾಸು ಸರ್ಕಾರದ ಛಾಪಾ ಕಾಗದ, ಅಳತೆಗೆ ಸೆಂಟು. ಯಳಂದೂರಿನಲ್ಲಿ ಜಾಡು ಜಹಗೀರಿಗೆ, ಅಲ್ಲಿಂದ ಇನಾಮುಗಳ ರದ್ದತಿಗೆ ಹೋಗುತ್ತದೆ. ಮೈಸೂರು ವೈಯಕ್ತಿಕ ಮತ್ತು ಸಂಕೀರ್ಣ ಇನಾಮು ರದ್ದತಿ ಕಾಯ್ದೆ ಬಂದದ್ದು 1954ರಲ್ಲಿ. ಅಳತೆ ಇಲ್ಲಿ ಗುಂಟೆ. ಎಕರೆಗೆ 100 ಸೆಂಟು, 40 ಗುಂಟೆ. ಅಂದರೆ ಒಂದು ಗುಂಟೆಗೆ ಎರಡೂವರೆ ಸೆಂಟು, 1,089 ಚದರ ಅಡಿ. ಅಜ್ಜನ ಪತ್ರದಲ್ಲಿ ಏಳೂವರೆ ಸೆಂಟು, ಅಪ್ಪನ ಪತ್ರದಲ್ಲಿ ಮೂರು ಗುಂಟೆ ಎಂದಿದ್ದರೆ ಜಾಗ ಕುಗ್ಗಿಲ್ಲ. ಗುಂಟೆ ಮೂರರ ಬದಲು ಎರಡಾಗಿದ್ದರೆ ಉಳಿದ ಒಂದು ಗುಂಟೆ ಎಲ್ಲಿ ಹೋಯಿತು ಎಂದು ಕೇಳಲೇಬೇಕು.

ಎರಡೂ ಸೀಮೆಯ ಹಳೆಯ ಪತ್ರಗಳಿಗೆ ಸಾಮಾನ್ಯವಾದದ್ದು ಚಕ್ಕುಬಂದಿಯ ಬರವಣಿಗೆ. ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಚಿಕ್ಕಪ್ಪನ ಮನೆ ಗೋಡೆ, ಉತ್ತರಕ್ಕೆ ಹುಣಸೆಮರ, ದಕ್ಷಿಣಕ್ಕೆ ಸರ್ಕಾರಿ ಬಾವಿ, ಈ ಮಧ್ಯೆ ಇರುವ ಎಂಟು ಅಂಕಣದ ಮನೆ ಎಂಬ ಧಾಟಿ. ಎರಡು ಸಾಲು ಕಂಬಗಳ ನಡುವಿನ ಜಾಗವೇ ಅಂಕಣ, ಉದ್ದಗಲ ಅಡಿಗಳಲ್ಲಿ ಇರುವುದಿಲ್ಲ. ಮರ ಕಡಿದು, ಬಾವಿ ಮುಚ್ಚಿ, ಚಿಕ್ಕಪ್ಪನ ಮನೆ ಎರಡು ಕೈ ಬದಲಾದ ಮೇಲೆ ಆ ಪತ್ರವನ್ನು ನೆಲದ ಮೇಲೆ ಗುರುತಿಸಬಲ್ಲವರು ಬೀದಿಯ ಹಿರಿಯರು ಮಾತ್ರ. ಹಾಗಾಗಿ ಹೊಸ ಕ್ರಯಪತ್ರ ಬರೆಸುವ ಮೊದಲು ಅಳತೆ ಹಿಡಿಸಿ, ನಾಲ್ಕೂ ಕಡೆಯ ನೆರೆಯವರನ್ನು ನಿಲ್ಲಿಸಿ, ನಕ್ಷೆಯೊಂದನ್ನು ಬರೆಸಿ ಪತ್ರಕ್ಕೆ ಲಗತ್ತಿಸುವುದು ಕ್ಷೇಮ. ನೆರೆಯವರ ಸಹಿ ಕಾನೂನಿಗೆ ಕಡ್ಡಾಯವಲ್ಲದಿದ್ದರೂ ಮುಂದೆ ಗೋಡೆ ಕೆಡವುವ ದಿನ ಅದರ ಬೆಲೆ ಗೊತ್ತಾಗುತ್ತದೆ.

ಪಾಲಾದ ತೊಟ್ಟಿಮನೆ

ಅಪ್ಪ ಕಟ್ಟಿಸಿದ ತೊಟ್ಟಿಮನೆಯನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಂಡರು ಎನ್ನಿ. ಹಿರಿಯವನಿಗೆ ಬೀದಿ ಕಡೆಯ ಪಡಸಾಲೆ ಮತ್ತು ಎರಡು ಕೋಣೆ, ನಡುವಿನವನಿಗೆ ಎಡಗಡೆಯ ಸಾಲು, ಕಿರಿಯವನಿಗೆ ಅಡುಗೆಮನೆಯೂ ಹಿತ್ತಿಲೂ. ತೊಟ್ಟಿ, ಬಾವಿ, ತಲೆಬಾಗಿಲು, ಹಿತ್ತಿಲಿಗೆ ಹೋಗುವ ದಾರಿ ಮೂವರಿಗೂ ಸೇರಿದ್ದು. ಕಂಬಗಳ ನಡುವೆ ಇಟ್ಟಿಗೆ ಗೋಡೆ ಏಳುತ್ತದೆ, ನಡುವಿನವನ ಪಾಲಿಗೆ ಪಕ್ಕದಿಂದ ಹೊಸ ಬಾಗಿಲು ಒಡೆಯುತ್ತಾರೆ. ನೆಲ ಹಂಚಿಕೆಯಾಯಿತು, ಚಾವಣಿ ಹಂಚಿಕೆಯಾಗಲಿಲ್ಲ. ತೊಟ್ಟಿಯ ಸುತ್ತಲ ನಾಲ್ಕು ಇಳಿಜಾರುಗಳು ಒಂದಕ್ಕೊಂದು ಆತುಕೊಂಡು ನಿಂತಿರುತ್ತವೆ. ಇಳಿಜಾರುಗಳು ಕೂಡುವ ಮೂಲೆಯಲ್ಲಿ ತಗಡಿನ ದೋಣಿ ಇರುತ್ತದೆ. ಆ ದೋಣಿ ತೂತಾದರೆ ನೀರು ಇಬ್ಬರ ಗೋಡೆಗೂ ಇಳಿಯುತ್ತದೆ. ರಿಪೇರಿಗೆ ಒಬ್ಬ ಒಪ್ಪಿ ಇನ್ನೊಬ್ಬ ಒಪ್ಪದಿದ್ದರೆ ಇಬ್ಬರ ತೊಲೆಯೂ ಕೊಳೆಯುತ್ತದೆ. ಒಬ್ಬ ತನ್ನ ಪಾಲನ್ನು ಕೆಡವಿ ತಾರಸಿ ಮನೆ ಕಟ್ಟಿದರೆ ಉಳಿದವರ ತೊಲೆಗಳು ಆಸರೆ ಕಳೆದುಕೊಳ್ಳುತ್ತವೆ. ಕೊಳ್ಳೇಗಾಲ, ಯಳಂದೂರುಗಳ ಹಳೆಯ ಬೀದಿಗಳಲ್ಲಿ ಅರ್ಧ ಹೆಂಚು ಅರ್ಧ ಕಾಂಕ್ರೀಟಾಗಿ ನಿಂತ ಮನೆಗಳನ್ನು ನೋಡಿದರೆ ಯಾರ ಮನೆಯಲ್ಲಿ ಮಾತು ನಿಂತಿದೆ ಎಂದು ಹೊರಗಿನಿಂದಲೇ ತಿಳಿಯುತ್ತದೆ.

ಇಂಥ ಮನೆಯ ಒಂದು ಪಾಲನ್ನು ಹೊರಗಿನವನು ಕೊಂಡರೆ? ಪಾಲು ನೋಂದಾಯಿತ ವಿಭಾಗಪತ್ರದಿಂದ ಆಗಿದ್ದು, ಯಾರದು ಯಾವ ಗೋಡೆ, ತೊಟ್ಟಿಯಲ್ಲಿ ಯಾರಿಗೆ ಎಷ್ಟು ಹಕ್ಕು ಎಂದು ಬರೆದಿದ್ದರೆ ಅವನು ಆ ಗೆರೆಯೊಳಗಿನ ಒಡೆಯ. ಬಾಯಿಮಾತಿನ ಪಾಲು, ಇಲ್ಲವೇ ಊರ ಹಿರಿಯರು ಬರೆದ ಪಾಲುಪಟ್ಟಿ ಮಾತ್ರ ಇದ್ದರೆ ಅವನ ಸ್ಥಿತಿ ನಾಜೂಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಪ್ರಕರಣದಂತೆ, ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಪರಕೀಯನಿಗೆ ಆ ಮನೆಯವರ ಜೊತೆ ಜಂಟಿ ಸ್ವಾಧೀನದ ಹಕ್ಕಿಲ್ಲ. ಅವನು ಪಾಲು ಬೇರೆ ಮಾಡಿಕೊಡಿ ಎಂದು ದಾವೆ ಹೂಡಬೇಕು. ಹೂಡಿದರೆ 1893ರ ವಿಭಾಗ ಕಾಯ್ದೆಯ 4ನೇ ಪ್ರಕರಣ ಕುಟುಂಬದವರ ಕೈಗೆ ಇನ್ನೊಂದು ಅಸ್ತ್ರ ಕೊಡುತ್ತದೆ: ನ್ಯಾಯಾಲಯ ನಿಗದಿ ಮಾಡಿದ ಬೆಲೆ ಕೊಟ್ಟು ಅವನ ಪಾಲನ್ನು ತಾವೇ ಕೊಂಡುಬಿಡಬಹುದು. ಇಷ್ಟು ಸಾಲದೆಂಬಂತೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಪ್ರಕರಣ ಸಹವಾರಸುದಾರರಿಗೆ ಮೊದಲು ಕೊಳ್ಳುವ ಆದ್ಯತೆ ಕೊಟ್ಟಿದೆ. ಪಾಲಾಗದ ಮನೆಯ ಪಾಲು ಅಗ್ಗಕ್ಕೆ ಸಿಗುವುದಕ್ಕೆ ಕಾರಣ ಇದೇ. ಅಗ್ಗವೆಂದು ಕೊಂಡವನು ಉಳಿಸಿದ ಹಣವನ್ನು ವಕೀಲರಿಗೆ ಕೊಡುತ್ತಾನೆ.

ಇದೇ ತೊಡಕಿಗೆ ಜಪಾನ್ 1962ರಲ್ಲೇ ಒಂದು ಕಾಯ್ದೆ ಮಾಡಿತು. ಒಂದು ಕಟ್ಟಡದ ಬೇರೆ ಬೇರೆ ಮನೆಗಳ ಒಡೆಯರೆಲ್ಲ ಕೊಂಡ ಕ್ಷಣದಿಂದ ತಾವಾಗಿಯೇ ಒಂದು ಸಂಘದ ಸದಸ್ಯರು, ಸೇರುವುದಿಲ್ಲ ಎನ್ನುವಂತಿಲ್ಲ. ತಿಂಗಳ ನಿರ್ವಹಣಾ ಶುಲ್ಕದ ಜೊತೆಗೆ ರಿಪೇರಿಯ ಮೀಸಲು ನಿಧಿಗೂ ಕಟ್ಟುತ್ತಾರೆ. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಬರುವ ದೊಡ್ಡ ರಿಪೇರಿ, ಅಂದರೆ ಹೊರಗೋಡೆ, ಚಾವಣಿಯ ನೀರುತಡೆ, ಕೊಳಾಯಿ ಕೆಲಸ, ಈ ನಿಧಿಯಿಂದ ನಡೆಯುತ್ತದೆ. ಹಿಂದಿನ ಒಡೆಯ ಬಾಕಿ ಉಳಿಸಿದ್ದರೆ ಅದು ಕೊಂಡವನ ತಲೆಗೆ ಬರುತ್ತದೆ. ಆದ್ದರಿಂದ ಕರಾರಿಗೆ ಮೊದಲು ಪರವಾನಗಿ ಪಡೆದ ದಲ್ಲಾಳಿ ಸಂಸ್ಥೆಯ ಅರ್ಹ ಅಧಿಕಾರಿ ಬಾಕಿ, ನಿಧಿಯ ಮೊತ್ತ, ಕಟ್ಟಡದ ಸ್ಥಿತಿ ಎಲ್ಲವನ್ನೂ ಬರಹದಲ್ಲಿ ಕೊಟ್ಟು ವಿವರಿಸಲೇಬೇಕು. ಹಳೆಯ ಕಟ್ಟಡ ಕೊಳ್ಳುವವರು ಅಲ್ಲಿ ಮೊದಲು ಕೇಳುವುದು ಒಂದು ದಿನಾಂಕ: 1981ರ ಜೂನ್ 1. ಅಂದಿನಿಂದ ಜಾರಿಗೆ ಬಂದ ಭೂಕಂಪ ನಿಯಮಕ್ಕೆ ಮುಂಚೆ ಅನುಮತಿ ಪಡೆದ ಕಟ್ಟಡವೋ, ಆಮೇಲೆ ಪಡೆದದ್ದೋ ಎಂಬುದರ ಮೇಲೆ ಬೆಲೆಯೂ ಸಾಲವೂ ನಿಂತಿರುತ್ತದೆ. 1995ರ ಜನವರಿಯ ಕೋಬೆ ಭೂಕಂಪದ ನಂತರ ಈ ಪ್ರಶ್ನೆಗೆ ಇನ್ನಷ್ಟು ತೂಕ ಬಂತು. ಕೆಡವಿ ಹೊಸದಾಗಿ ಕಟ್ಟಲು ಐದರಲ್ಲಿ ನಾಲ್ಕು ಪಾಲು ಒಡೆಯರ ಒಪ್ಪಿಗೆ ಬೇಕಿತ್ತು. 2025ರ ತಿದ್ದುಪಡಿ ಭೂಕಂಪಕ್ಕೆ ತಾಳದಂಥ ಕಟ್ಟಡಗಳಿಗೆ ಅದನ್ನು ನಾಲ್ಕರಲ್ಲಿ ಮೂರಕ್ಕೆ ಇಳಿಸಿದೆ.

ಕರ್ನಾಟಕದಲ್ಲಿಯೂ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಇದೆ. ಆದರೆ ಒಡೆಯರು ಘೋಷಣಾಪತ್ರ ನೋಂದಾಯಿಸಿ ಅದರಡಿ ಬಂದಾಗ ಮಾತ್ರ ಅದು ಅನ್ವಯ. ಬೆಂಗಳೂರಿನ ಎಷ್ಟೋ ಹಳೆಯ ಕಟ್ಟಡಗಳು ಇದನ್ನು ಮಾಡದೆ, ಬರೀ ಸಂಘ ನೋಂದಣಿ ಮಾಡಿಸಿಕೊಂಡು ಕಾಲ ಹಾಕಿವೆ. ಯಳಂದೂರಿನಿಂದ ಹೋಗಿ ಅಲ್ಲಿ ಹಳೆಯ ಫ್ಲ್ಯಾಟು ಕೊಳ್ಳುವವರು ಕೇಳಬೇಕಾದ ಮೊದಲ ಕಾಗದ ಈ ಘೋಷಣಾಪತ್ರ. ಎರಡನೆಯದು, ಜಮೀನಿನಲ್ಲಿ ಅವಿಭಜಿತ ಪಾಲು ಎಷ್ಟು ಚದರ ಅಡಿ ಎಂಬುದು ಕ್ರಯಪತ್ರದಲ್ಲೇ ನಮೂದಾಗಿದೆಯೇ ಎಂದು. ತೊಟ್ಟಿಮನೆಗೆ ಈ ಕಾಯ್ದೆಯ ಗಾಳಿಯೂ ತಾಗಿಲ್ಲ. ಅಲ್ಲಿ ಸಂಘವೂ ಇಲ್ಲ, ನಿಧಿಯೂ ಇಲ್ಲ. ವರ್ಷಕ್ಕೊಮ್ಮೆ ಮನೆದೇವರ ಪೂಜೆಗೆ ಸೇರುವ ಅಣ್ಣತಮ್ಮಂದಿರ ಮಾತೇ ಎಲ್ಲ. ಒಬ್ಬ ಪರಕೀಯ ಒಳಗೆ ಬಂದ ದಿನ ಆ ಮಾತಿನ ಬಲವೂ ಹೋಗುತ್ತದೆ. ನ್ಯಾಯವಾಗಿ ನೋಡಿದರೆ ಪಾಲು ಕೊಳ್ಳುವವನು ಕ್ರಯಪತ್ರದ ಜೊತೆಗೆ ಉಳಿದ ಪಾಲುದಾರರಿಂದ ಚಾವಣಿ, ತೊಟ್ಟಿ, ಬಾವಿ, ದಾರಿ, ಚರಂಡಿಗಳ ಬಗ್ಗೆ ಒಂದು ಕರಾರು ನೋಂದಾಯಿಸಿಕೊಳ್ಳಬೇಕು. ಪತ್ರಬರಹಗಾರರು ಇದನ್ನು ತಾವಾಗಿ ಬರೆಯುವುದಿಲ್ಲ, ಕೇಳಿ ಬರೆಸಬೇಕು.

ಮನೆದೇವರ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಮಂಟೇಸ್ವಾಮಿ, ಸಿದ್ಧಪ್ಪಾಜಿಯ ಒಕ್ಕಲಿನ ಮನೆಗಳಲ್ಲಿ ದೇವರ ಲಾಂಛನವಾದ ಕಂಡಾಯ ಇಟ್ಟು ಪೂಜಿಸುವ ಕೋಣೆ ಇರುವುದುಂಟು. ಅದು ಒಬ್ಬರ ಪಾಲಿಗೆ ಬಿದ್ದರೂ ದಾಯಾದಿಗಳೆಲ್ಲ ಚಿಕ್ಕಲ್ಲೂರು ಜಾತ್ರೆಯ ಹೊತ್ತಿಗೆ ಅಲ್ಲಿಗೇ ಬರುತ್ತಾರೆ. ಮನೆ ಮಾರುವ ಮುನ್ನ ಕಂಡಾಯ ಯಾರ ಮನೆಗೆ ಹೋಗಬೇಕೆಂದು ತೀರ್ಮಾನವಾಗದಿದ್ದರೆ ಕೀಲಿಕೈ ಸಿಕ್ಕ ಮೇಲೂ ಮನೆ ಪೂರ್ತಿ ಕೈಗೆ ಬರುವುದಿಲ್ಲ.

ಹಕ್ಕಿನ ತನಿಖೆ

ಬೆಲೆ 100 ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕು. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದ ಕಾಗದ ಒಡೆತನ ಕೊಡದು. ಋಣಭಾರ ಪತ್ರ, ಜನ ಹೇಳುವ ಇ.ಸಿ., ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರಿಂದ ಈಚಿನದು ಕೂತಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿ ಪಡೆಯಬೇಕು. ಕನಿಷ್ಠ ಮೂವತ್ತು ವರ್ಷದ್ದು ತೆಗೆಸುವುದು ರೂಢಿ. ಹಳೆಯ ಮನೆಗೆ ಅದೂ ಕಡಿಮೆ ಎಂಬುದು ಈ ಲೇಖಕನ ಅಭಿಪ್ರಾಯ, ಏಕೆಂದರೆ ಕೊನೆಯ ನೋಂದಾಯಿತ ವ್ಯವಹಾರ ಅಜ್ಜನ ಕಾಲದ್ದಾಗಿದ್ದರೆ ಮೂವತ್ತು ವರ್ಷದ ಇ.ಸಿ.ಯಲ್ಲಿ ಏನೂ ಕಾಣದು. ಏನೂ ಕಾಣದ ಇ.ಸಿ.ಯನ್ನು ಶುದ್ಧ ಆಸ್ತಿಯ ಗುರುತೆಂದು ತಿಳಿಯುವವರು ಬಹಳ.

ಇ.ಸಿ.ಯಲ್ಲಿ ಬಾರದ ಸಾಲಗಳೂ ಇವೆ. ಭೋಗ್ಯದ್ದು ಇಲ್ಲಿನ ಮುಖ್ಯ ಉದಾಹರಣೆ. ದೊಡ್ಡ ಮೊತ್ತ ಕೊಟ್ಟವನು ಬಾಡಿಗೆಯಿಲ್ಲದೆ ಮನೆಯಲ್ಲಿರುತ್ತಾನೆ, ಒಡೆಯ ಬಡ್ಡಿಯಿಲ್ಲದೆ ಹಣ ಇಟ್ಟುಕೊಂಡಿರುತ್ತಾನೆ; ಬಹುಪಾಲು ಕರಾರುಗಳು ನೋಂದಣಿಯಾಗುವುದಿಲ್ಲ. ಮನೆ ಕೊಂಡವನು ಬಾಗಿಲು ತಟ್ಟಿದಾಗ ಒಳಗಿನಿಂದ ಬರುವ ಉತ್ತರ 'ನಮ್ಮ ದುಡ್ಡು ಕೊಡಿ, ಹೋಗ್ತೀವಿ' ಎಂದು. ಬ್ಯಾಂಕಿನಲ್ಲಿ ಬರೀ ಹಕ್ಕುಪತ್ರ ಇಟ್ಟು ತೆಗೆದ ಸಾಲವೂ ಕೆಲವೊಮ್ಮೆ ಹೀಗೆಯೇ ಮರೆಯಲ್ಲಿರುತ್ತದೆ. ಜೆರಾಕ್ಸ್ ತೋರಿಸಿ, 'ಅಸಲು ಮೈಸೂರಲ್ಲಿ ಅಣ್ಣನ ಹತ್ತಿರ ಇದೆ' ಎನ್ನುವವರಿಗೆ ಅಡ್ವಾನ್ಸ್ ಕೊಡಬಾರದು.

ಖಾತೆ ಒಡೆತನದ ಪುರಾವೆಯಲ್ಲ, ಕಂದಾಯ ಕಟ್ಟುವ ಲೆಕ್ಕದ ಪುಟ. ಆದರೂ 2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ನೋಂದಣಿ ಮುಂದಕ್ಕೆ ಹೋಗದು. ಕೊಳ್ಳೇಗಾಲ ನಗರಸಭೆ, ಯಳಂದೂರು ಮತ್ತು ಹನೂರು ಪಟ್ಟಣ ಪಂಚಾಯಿತಿಗಳ ವ್ಯಾಪ್ತಿಯಲ್ಲಿ ಇ-ಆಸ್ತಿಯ ನಮೂನೆ 3. ಗ್ರಾಮ ಪಂಚಾಯಿತಿಗಳಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11. ಗ್ರಾಮಠಾಣಾ ಒಳಗಿನ ಹಳೆಯ ಮನೆಗೆ 9 ಮತ್ತು 11ಎ ಸಿಗುತ್ತದೆ. ಊರು ಬೆಳೆದು ಹೊಲಕ್ಕೆ ನುಗ್ಗಿದ ಕಡೆ, ಭೂಪರಿವರ್ತನೆಯಿಲ್ಲದೆ ಕಟ್ಟಿದ ಮನೆಗೆ ಸಿಗುವುದು 11ಬಿ. ಎಷ್ಟೋ ಹಳೆಯ ಮನೆಗಳ ಖಾತೆ ಇಂದಿಗೂ ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಇದೆ. ಅದು ಪೌತಿ ಖಾತೆಯಾಗಿ ವಾರಸುದಾರರ ಹೆಸರಿಗೆ ಬರದೆ ಮಾರಾಟವಿಲ್ಲ. ಅದಕ್ಕೆ ಮರಣ ಪ್ರಮಾಣಪತ್ರ ಬೇಕು, ನಾಡಕಚೇರಿಯ ವಂಶವೃಕ್ಷ ಬೇಕು.

ವಂಶವೃಕ್ಷದಲ್ಲಿ ಎಣಿಸಬೇಕಾದದ್ದು ಹೆಣ್ಣುಮಕ್ಕಳನ್ನು. ಮದುವೆಯಾಗಿ ಹೋದವರೆಂದು ಅವರ ಹೆಸರು ಬಿಟ್ಟು ಬರೆಸುವ ಚಾಳಿ ಇನ್ನೂ ಇದೆ. ಕರ್ನಾಟಕ 1994ರಲ್ಲಿಯೇ ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಪಾಲು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಅದನ್ನು ಎಲ್ಲ ಹೆಣ್ಣುಮಕ್ಕಳಿಗೆ ವಿಸ್ತರಿಸಿತು. ತಂದೆ ಆ ದಿನಾಂಕಕ್ಕೂ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಉಂಟು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆಗಿಹೋದ ವಿಭಾಗಗಳು ಮಾತ್ರ ಹಾಗೆಯೇ ನಿಲ್ಲುತ್ತವೆ. ಆದ್ದರಿಂದ ಅಕ್ಕತಂಗಿಯರು ಕ್ರಯಪತ್ರಕ್ಕೆ ಮಾರಾಟಗಾರರಾಗಿ ಸಹಿ ಹಾಕಬೇಕು, ಇಲ್ಲವೇ ಮೊದಲೇ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿರಬೇಕು. ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿಸಿ ಅಷ್ಟೇ ಸಾಕು ಎನ್ನುವ ದಲ್ಲಾಳಿಯ ಮಾತು ಕೇಳಬಾರದು. ಅರಿಸಿನ ಕುಂಕುಮಕ್ಕೆಂದು ಸ್ವಲ್ಪ ಹಣ ಕೊಟ್ಟು ಸಹಿ ಪಡೆಯುವ ಪದ್ಧತಿಯೂ ಇದೆ. ಕೊಳ್ಳುವವನ ದೃಷ್ಟಿಯಿಂದ ಹೇಳುವುದಾದರೆ, ಮನಸಾರೆ ಒಪ್ಪದ ತಂಗಿಯ ಸಹಿಗಿಂತ ನ್ಯಾಯವಾದ ಪಾಲು ಪಡೆದ ತಂಗಿಯ ಸಹಿ ಗಟ್ಟಿ.

ಇನ್ನು ಜಾಗದ ಮೂಲ. ಮನೆ ನಿಂತ ನೆಲ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾದರೆ 1978ರ ಕಾಯ್ದೆ, ಎಲ್ಲರ ಬಾಯಲ್ಲಿರುವ ಪಿ.ಟಿ.ಸಿ.ಎಲ್., ಅಡ್ಡ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಅಸಿಂಧು. ಜಮೀನು ಮರಳಿ ಪಡೆಯಲು ಮೂಲ ಮಂಜೂರುದಾರರ ವಾರಸುದಾರರಿಗೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳಿದೆ. ನಡುವೆ ಮೂರು ಕೈ ಬದಲಾಗಿದ್ದರೂ ಕೊನೆಗೆ ಕೊಂಡವನೇ ಉತ್ತರ ಹೇಳಬೇಕು. ಆಶ್ರಯ, ಜನತಾ ಮನೆಗಳ ಹಕ್ಕುಪತ್ರದ ಹಿಂಬದಿಯಲ್ಲಿಯೂ ಪರಭಾರೆ ನಿಷೇಧದ ಷರತ್ತು ಇರುತ್ತದೆ. ಅವಧಿ ಮುಗಿದಿದೆಯೇ ಎಂದು ಓದಿಯೇ ನೋಡಬೇಕು.

ಗೋಡೆ, ಚಾವಣಿ, ನೀರು

ಭೂಕಂಪದ ಭಯ ಇಲ್ಲಿ ಕಡಿಮೆ. ಹಳೆಯ ಮನೆಯ ವೈರಿಗಳು ಗೆದ್ದಲು, ಮಳೆ, ಕೋತಿ. ಬೆಟ್ಟದ ತಪ್ಪಲಿನ ಊರುಗಳಲ್ಲಿ ಕೋತಿಗಳು ಹೆಂಚು ಸರಿಸುತ್ತವೆ, ಸರಿದ ಹೆಂಚಿನಿಂದ ಒಂದು ಮಳೆಗಾಲ ನೀರು ಇಳಿದರೆ ರೀಪು, ಜಂತೆ, ತೊಲೆ ಹೀಗೆ ಒಂದಾದಮೇಲೊಂದು ಹೋಗುತ್ತದೆ. ಕಂಬವನ್ನು ಬುಡದಲ್ಲಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ಕೆಲಸ ಮುಗಿಸಿದೆ. ಹೊನ್ನೆ, ಮತ್ತಿ, ಬೀಟೆಯ ಕಂಬಗಳು ಗಟ್ಟಿ, ಆದರೆ ಅವು ಕಲ್ಲಿನ ಪೀಠದ ಮೇಲೆ ನಿಂತಿರಬೇಕು. ಈಚಿನ ರಿಪೇರಿಯಲ್ಲಿ ನೆಲಕ್ಕೆ ಟೈಲ್ಸ್ ಹಾಕಿಸುವಾಗ ನೆಲ ಎತ್ತರವಾಗಿ ಪೀಠ ಮುಚ್ಚಿಹೋಗಿ ಮರ ಸಿಮೆಂಟಿನಲ್ಲಿ ಹೂತಿರುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿಸಿದ್ದರೂ ಅನುಮಾನಪಡಬೇಕು: ಒಳಗಿನ ತೇವ ಹೊರಗೆ ಬರಲಾರದೆ ಗೋಡೆ ಒಳಗೊಳಗೇ ಮೆತ್ತಗಾಗುತ್ತದೆ. ಹಳೆಯ ಸುಣ್ಣದ ಗಾರೆ ಅಲ್ಲಲ್ಲಿ ಉದುರಿದ್ದರೂ ಅಂಥ ಗೋಡೆ ಹೆಚ್ಚು ಆರೋಗ್ಯದ್ದು.

ಮನೆ ನೋಡಲು ಒಳ್ಳೆಯ ಕಾಲ ಅಕ್ಟೋಬರ್. ಈ ಸೀಮೆಗೆ ಮುಂಗಾರಿಗಿಂತ ಸೆಪ್ಟೆಂಬರ್, ಅಕ್ಟೋಬರಿನ ಮಳೆ ಜೋರು. ಮಾರುವವರು ಬೇಸಿಗೆಯಲ್ಲಿ ಸುಣ್ಣಬಣ್ಣ ಮಾಡಿಸಿ ತೋರಿಸುತ್ತಾರೆ. ಗೋಡೆಯ ನಿಜವಾದ ಬಣ್ಣ ಮಳೆಯ ಮಾರನೇ ದಿನ ಕಾಣುತ್ತದೆ.

ಕೊಳ್ಳೇಗಾಲ ರೇಷ್ಮೆಯ ಊರು. ನೇಕಾರರ ಬೀದಿಗಳ ಮನೆಗಳಲ್ಲಿ ಕಾಲಿಟ್ಟು ಕೂರುವ ಮಗ್ಗದ ಗುಂಡಿ ಇರುತ್ತಿತ್ತು. ಮಗ್ಗ ಹೋದ ಮೇಲೆ ಅದನ್ನು ಸಡಿಲ ಮಣ್ಣಿನಿಂದ ತುಂಬಿ ಮೇಲೆ ನೆಲ ಮಾಡಿದ್ದರೆ ಆ ಭಾಗ ಕೆಲವೇ ವರ್ಷಗಳಲ್ಲಿ ಕುಸಿಯುತ್ತದೆ. ನಡುಮನೆಯಲ್ಲಿ ಚೌಕನೆಯ ಬಿರುಕು ಕಂಡರೆ ಕೇಳಿ ತಿಳಿಯಬೇಕು. ಮಗ್ಗದ ಮನೆಗಳ ಇನ್ನೊಂದು ಗುಣ ಬೆಳಕು: ಚಾವಣಿಯಲ್ಲಿ ಗಾಜಿನ ಹೆಂಚು, ಬೀದಿಗೆ ಅಗಲವಾದ ಕಿಟಕಿ. ವಾಸಕ್ಕೆ ಕೊಳ್ಳುವವರು ಇದಕ್ಕೆ ಕಣ್ಣುಮುಚ್ಚಿ ಒಂದಿಷ್ಟು ಹೆಚ್ಚು ಕೊಡಬಹುದು.

ಕಾವೇರಿ ದಡದ ಹಳ್ಳಿಗಳ ಮಾತು ಬೇರೆ. ಕಬಿನಿ, ಕೆ.ಆರ್.ಎಸ್.ಗಳಿಂದ ಒಟ್ಟಿಗೆ ನೀರು ಬಿಟ್ಟ 2018, 2019ರ ಆಗಸ್ಟ್‌ಗಳಲ್ಲಿ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಳೇ ಅಣಗಳ್ಳಿ, ಹಳೇ ಹಂಪಾಪುರಗಳಿಗೆ ಹೊಳೆ ನುಗ್ಗಿತು. ಮಣ್ಣಿನ ಮನೆ ಎರಡು ದಿನ ನೀರಲ್ಲಿ ನಿಂತರೆ ಮೂರನೇ ದಿನ ಕೂರುತ್ತದೆ. ಯಳಂದೂರಿನ ಕಡೆ ಸುವರ್ಣಾವತಿ ಸಾಧು ಹೊಳೆಯೆಂದು ಹೆಸರಾದರೂ 2022ರ ಮಳೆಗಾಲದಲ್ಲಿ ದಡ ಮೀರಿತು. ನೆರೆಯ ಗುರುತು ಪಕ್ಕದ ದೇವಸ್ಥಾನದ ಗೋಡೆಯ ಮೇಲೆ ಸಿಗುತ್ತದೆ, ಮಾರುವವನ ಮನೆಯ ಹೊಸ ಬಣ್ಣದ ಮೇಲೆ ಸಿಗುವುದಿಲ್ಲ.

ಬೆಂಗಳೂರಿನಿಂದ ಕೊಳ್ಳೇಗಾಲ, ಯಳಂದೂರು, ಚಾಮರಾಜನಗರ ದಾಟಿ ತಮಿಳುನಾಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 948ರ ಬದಿಯ ಮನೆ ಕೊಳ್ಳುವವರು ರಸ್ತೆಯ ಮಧ್ಯರೇಖೆಯಿಂದ ಅಳತೆ ಹಿಡಿಯಬೇಕು. ಜಗಲಿ ರಸ್ತೆಯ ಅಂಚಿನೊಳಗೆ ಬಿದ್ದಿದ್ದರೆ ಅದಕ್ಕೆ ಕೊಟ್ಟ ಹಣ ಹೋಯಿತೆಂದೇ ಲೆಕ್ಕ. ಯಳಂದೂರಿನ ಗೌರೀಶ್ವರ ದೇವಸ್ಥಾನದಂಥ ಹಳೆಯ ಗುಡಿಯ ಹತ್ತಿರದ ಮನೆಗೆ ಇನ್ನೊಂದು ಪ್ರಶ್ನೆ. ಸ್ಮಾರಕ ಕೇಂದ್ರದ ರಕ್ಷಣೆಯಲ್ಲಿದ್ದರೆ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ ಇನ್ನೂ 200 ಮೀಟರಿನವರೆಗೆ ಅನುಮತಿ ಬೇಕು. ರಿಪೇರಿಗೂ ಅನುಮತಿ ಬೇಕು, ಆದರೆ ಇದ್ದ ಮನೆಯಲ್ಲೇ ಇರುವವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಕೆಡವಿ ಮಳಿಗೆ ಕಟ್ಟುವ ಆಸೆಯವರಂತೂ ಮೊದಲೇ ಕೇಳಿಕೊಳ್ಳಬೇಕು.

ಬೆಲೆ ಮತ್ತು ಖರ್ಚು

ಚೌಕಾಸಿ ನಡೆಯುವುದು ಜಾಗದ ಮೇಲೆ. ಹೆಂಚಿನ ಮನೆಗೆ ಬೆಲೆ ಕಟ್ಟುವಾಗ ಕಟ್ಟಡವನ್ನು ಲೆಕ್ಕಕ್ಕೇ ಹಿಡಿಯದೆ, ಕಂಬ, ಬಾಗಿಲುವಾಡದ ಮರಕ್ಕೆ ಇಷ್ಟು ಎಂದು ಕೊನೆಯಲ್ಲಿ ಸೇರಿಸುವುದುಂಟು. ಬ್ಯಾಂಕುಗಳೂ ಮಣ್ಣಿನ ಗೋಡೆಯ ಮನೆಗೆ ಸಾಲ ಕೊಡಲು ಹಿಂಜರಿಯುತ್ತವೆ. ಮಂಜೂರಾದ ನಕ್ಷೆ ಕೇಳುತ್ತವೆ, ನೂರು ವರ್ಷದ ಮನೆಗೆ ಅದು ಎಲ್ಲಿಂದ ಬರಬೇಕು? ಹೀಗಾಗಿ ಹಳೆಯ ಮನೆ ಕೊಳ್ಳುವವರು ಕೈಯಲ್ಲಿ ಪೂರ್ತಿ ಹಣ ಇದ್ದವರೇ.

ಮುದ್ರಾಂಕ ಶುಲ್ಕ ನೂರಕ್ಕೆ 5. ಅದರ ಮೇಲೆ ಆ ಶುಲ್ಕದ ಶೇ 10 ಸೆಸ್ಸು, ಪಟ್ಟಣದಲ್ಲಿ ಶೇ 2, ಹಳ್ಳಿಯಲ್ಲಿ ಶೇ 3 ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಕೊಳ್ಳೇಗಾಲದಲ್ಲಿ 20 ಲಕ್ಷದ ಮನೆಗೆ ಒಂದು ಲಕ್ಷ ಮುದ್ರಾಂಕ, 10,000 ಸೆಸ್ಸು, 2,000 ಸರ್‌ಚಾರ್ಜು, 40,000 ನೋಂದಣಿ, ಒಟ್ಟು 1,52,000 ರೂಪಾಯಿ ಸರ್ಕಾರಕ್ಕೆ. ಈ ಲೆಕ್ಕ ಕೊಟ್ಟ ಬೆಲೆ ಅಥವಾ ಮಾರ್ಗಸೂಚಿ ದರ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಕಟ್ಟಡ ಹಳೆಯದಾದರೆ ಮಾರ್ಗಸೂಚಿ ದರದಲ್ಲಿ ಸವಕಳಿ ಕಳೆಯಲು ಅವಕಾಶವಿದೆ. ವಯಸ್ಸು ತೋರಿಸಲು ಹಳೆಯ ಕಂದಾಯದ ರಸೀದಿಗಳು ಉಪಯೋಗಕ್ಕೆ ಬರುತ್ತವೆ. ಪತ್ರದಲ್ಲಿ ಕಡಿಮೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡುವ ಪದ್ಧತಿ ಎಲ್ಲ ಕಡೆಯಂತೆ ಇಲ್ಲಿಯೂ ಇದೆ. ಸ್ಥಿರಾಸ್ತಿಗೆ 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಗದು ಪಡೆದರೆ ಅಷ್ಟೇ ಮೊತ್ತದ ದಂಡಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿದೆ. ದಲ್ಲಾಳಿಗೆ ನೂರಕ್ಕೆ ಒಂದೋ ಎರಡೋ. ಜಪಾನಿನಲ್ಲಿ ಕಾನೂನೇ ಮಿತಿ ಹಾಕಿದೆ: ಬೆಲೆಯ ಶೇ 3 ಮತ್ತು 60,000 ಯೆನ್, ಅದರ ಮೇಲೆ ತೆರಿಗೆ, ಇಲ್ಲಿ ಮಿತಿ ಬಾಯಿಮಾತಿನದು.

ಕೊಳ್ಳಲಾಗದವು

ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿನ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಆದಿವಾಸಿ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕ ಹಕ್ಕು ಮಕ್ಕಳಿಗೆ ಬರುತ್ತದೆ, ಮಾರಾಟಕ್ಕೆ ಬಾರದು. ಕರಾರು, ಜಿ.ಪಿ.ಎ., ತೊಂಬತ್ತೊಂಬತ್ತು ವರ್ಷದ ಗುತ್ತಿಗೆ ಎಂದು ಯಾವ ಹೆಸರಿನಲ್ಲಿ ತಂದರೂ ಅದು ಹಣ ಹೋಗುವ ದಾರಿ, ಜೊತೆಗೆ ಸೋಲಿಗರ ಮನೆ ಹೋಗುವ ದಾರಿ. ಹನೂರು ತಾಲ್ಲೂಕಿನಲ್ಲಿ ಕಾವೇರಿ ಮತ್ತು ಮಲೆ ಮಹದೇಶ್ವರ ವನ್ಯಧಾಮಗಳ ಅಂಚಿನ ಜಾಗಗಳಿಗೂ ಅರಣ್ಯ ಇಲಾಖೆಯ ಗಡಿ ನೋಡಿಯೇ ಮುಂದುವರಿಯಬೇಕು. ಒಡೆಯರಪಾಳ್ಯದ ಟಿಬೆಟನ್ ಶಿಬಿರ 1970ರ ದಶಕದಲ್ಲಿ ನೆಲೆಯಾದದ್ದು. ಶಿಬಿರದ ಜಮೀನು ಸರ್ಕಾರ ಕೊಟ್ಟದ್ದು, ಅಲ್ಲಿನ ಚೆಂದದ ಮನೆಗಳು ಬಿಡಿಬಿಡಿಯಾಗಿ ಮಾರುವ ಸ್ವತ್ತಲ್ಲ. ಸರ್ಕಾರಿ ಜಾಗದಲ್ಲಿ ಅಕ್ರಮವಾಗಿ ಕಟ್ಟಿಕೊಂಡ ಮನೆಗಳನ್ನು ಭೂಕಂದಾಯ ಕಾಯ್ದೆಯ 94ಸಿ, 94ಸಿಸಿ ಪ್ರಕರಣಗಳಡಿ ಸಕ್ರಮ ಮಾಡಿದ್ದರೆ ಹಕ್ಕುಪತ್ರದ ಷರತ್ತುಗಳನ್ನು ಓದಬೇಕು. ಸಕ್ರಮವಾಗದೆ ಬರೀ ಕರೆಂಟ್ ಬಿಲ್ ತೋರಿಸಿ ಮಾರುವ ಮನೆಯನ್ನು ಮುಟ್ಟಬಾರದು.

ನೋಂದಣಿ ಮುಗಿದ ಮೇಲೂ ಓಡಾಟ ಉಳಿದಿರುತ್ತದೆ. ಖಾತೆ ಬದಲಾಗಬೇಕು, ಚೆಸ್ಕಾಂನಲ್ಲಿ ಮೀಟರಿನ ಹೆಸರು, ನಲ್ಲಿ ಸಂಪರ್ಕದ ಹೆಸರು ಬದಲಾಗಬೇಕು. ಹಿಂದಿನವರ ಬಾಕಿ ಇದ್ದರೆ ಅಡ್ವಾನ್ಸ್ ಹಂತದಲ್ಲಿಯೇ ಮುರಿದುಕೊಂಡಿರಬೇಕು. ನೆರೆಯವರ ಮನೆಗೆ ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಬೆಳಕು, ಗಾಳಿ ಬಂದಿದ್ದರೆ, ನಿಮ್ಮ ಹಿತ್ತಿಲಿನ ಮೂಲಕ ಅವರು ಅಷ್ಟೇ ಕಾಲ ನಡೆದಾಡಿದ್ದರೆ 1882ರ ಅನುಭೋಗ ಕಾಯ್ದೆಯಂತೆ ಅದು ಅವರ ಹಕ್ಕಾಗಿರುತ್ತದೆ. ಬೀಗ ಹಾಕಿದ್ದ ಮನೆಯ ಹಿತ್ತಿಲಲ್ಲಿ ಎಮ್ಮೆ ಕಟ್ಟುತ್ತಿದ್ದವರು, ಕಟ್ಟಿಗೆ ಒಟ್ಟಿದ್ದವರು ಯಾರೆಂದು ವಿಚಾರಿಸಿ, ಗೃಹಪ್ರವೇಶಕ್ಕೆ ಮೊದಲೇ ಅವರ ಜೊತೆ ಕೂತು ಮಾತಾಡಿ ಬಗೆಹರಿಸಿಕೊಳ್ಳುತ್ತಾರೆ ಊರಿನ ಅನುಭವಸ್ಥರು.